ತಿಂಡಿ ಆದ ಮೇಲೆ ಒಂದು ಗುಳಿಗೆ

ನಾನು ವಾಡಿಯ ಮನೆಗೆ ಸೊಸೆಯಾಗಿ ಬಂದು ವರ್ಷಗಳು ಕಳೆದಿದ್ದರೂ ನಮ್ಮ ಮಾವನವರು ನನ್ನ ಜೊತೆ ಒಂದು ಮಾತನ್ನೂ ಆಡಿರಲಿಲ್ಲ. ಸಿಟ್ಟು ಸೆಡವು ಏನೂ ಇರಲಿಲ್ಲ, ಆಗಿನ ರಿವಾಜೇ ಹಾಗಿತ್ತು. ಅವರು ಪಡಸಾಲೆಯಲ್ಲಿದ್ದರೆ ನಾನು ಅಡುಗೆಮನೆಯ ಬಾಗಿಲ ಮರೆಯಲ್ಲಿ. ಮಾತೇನಿದ್ದರೂ ಅತ್ತೆಯ ಮುಖಾಂತರ ಹೋಗಬೇಕು, ಅತ್ತೆಯ ಮುಖಾಂತರವೇ ಬರಬೇಕು. ನನಗೋ ಹುಟ್ಟಿದಾಗಿನಿಂದ ಬಾಯಿ ದೊಡ್ಡದು. ತೆಂಗಳಿಯ ನನ್ನ ತವರಿನಲ್ಲಿ ನಾನು ಮಾತು ಶುರು ಮಾಡಿದರೆ ನಮ್ಮಪ್ಪ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಹೊಲಕ್ಕೆ ಹೊರಟುಬಿಡುತ್ತಿದ್ದ. ಅಂಥವಳನ್ನು ಹುಡುಕಿ ಹುಡುಕಿ ಇಂಥ ಮನೆಗೆ ಕೊಟ್ಟರಲ್ಲ ಎಂದು ರೊಟ್ಟಿ ಬಡಿಯುವಾಗೆಲ್ಲ ಒಳಗೊಳಗೇ ಬೈದುಕೊಳ್ಳುತ್ತಿದ್ದೆ.

ಮಾವನವರು ಪರಸಿ ಕಲ್ಲಿನ ಖಣಿ ನಡೆಸುತ್ತಿದ್ದರು. ಮನೆಗಳ ನೆಲಕ್ಕೆ ಹಾಸುವ ಈ ಕಲ್ಲನ್ನು ಹೊರಗಿನವರು ಶಹಾಬಾದ ಕಲ್ಲು ಎನ್ನುತ್ತಾರೆ. ಖಣಿಯಿಂದ ಎಬ್ಬಿಸಿದ ಹಾಸನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ, ಬರುವ ದನಿ ಕೇಳಿಯೇ ಒಳಗೆ ಬಿರುಕಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದರು. ಹೊತ್ತು ಮೂಡುವ ಮೊದಲೇ ಸ್ನಾನ, ಇಷ್ಟಲಿಂಗದ ಪೂಜೆ, ಹಣೆ ತುಂಬ ವಿಭೂತಿ, ಆಮೇಲೆ ಖಣಿ. ಬಿಸಿಲೇರಿದ ಮೇಲೆ ರೊಟ್ಟಿಯ ಬುತ್ತಿ ಅಲ್ಲಿಗೇ ಹೋಗುತ್ತಿತ್ತು. ಬೆಳಿಗ್ಗೆ ಎದ್ದು ಬಾಯಿಗೆ ಏನಾದರೂ ಹಾಕಿಕೊಳ್ಳುವ ರೂಢಿ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಅಂಥ ಗಟ್ಟಿ ಮನುಷ್ಯನನ್ನು ಕಾಲಿನ ಹೆಬ್ಬೆರಳು ಕೆಡವಿ ಹಾಕಿತು. ಒಂದು ಮುಂಜಾನೆ ಎದ್ದವರಿಗೆ ನೆಲಕ್ಕೆ ಕಾಲಿಡಲು ಆಗಲಿಲ್ಲ. ಬೆರಳು ಕೆಂಪಗೆ ಊದಿ ಹೊಳೆಯುತ್ತಿತ್ತು. ಹೊದ್ದ ದುಪ್ಪಟಿಯ ಅಂಚು ತಾಕಿದರೂ ಚೀರುತ್ತಿದ್ದರು. ಬಜಾರದವರು ಇದನ್ನು ಗಠಿಯಾ ಎಂದರು, ನಮ್ಮತ್ತೆ ವಾಯು ಎಂದರು. ಗೌಟ್ ಎಂಬ ಹೆಸರು ನಮಗೆ ಗೊತ್ತಾದದ್ದು ಬಹಳ ತಡವಾಗಿ. ಬಾವು ಕೆಲವು ದಿನ ಇದ್ದು ತಾನಾಗಿ ಇಳಿಯುತ್ತಿತ್ತು. ಇಳಿಯುವಾಗ ಬೆರಳಿನ ಚರ್ಮ ಸುಲಿದು ವಿಪರೀತ ಕೆರೆತ ಬರುತ್ತಿತ್ತು. ಕೆರೆತ ಬಂತೆಂದರೆ ಬೇನೆ ಹೊರಟಿತೆಂದು ನಾವೆಲ್ಲ ಉಸಿರು ಬಿಡುತ್ತಿದ್ದೆವು. ಆದರೆ ಮತ್ತೆ ಬರುತ್ತಿತ್ತು. ಬರುಬರುತ್ತಾ ಹಿಮ್ಮಡ ಹಿಡಿಯಿತು, ಮಂಡಿ ಹಿಡಿಯಿತು, ಖಣಿಗೆ ಹೋಗುವ ದಿನಗಳೇ ಕಡಿಮೆಯಾದವು.

ಆಗ ಬಜಾರದಲ್ಲಿ ಔಷಧದಂಗಡಿ ಇಟ್ಟಿದ್ದ ಒಬ್ಬ ಹಳೆಯ ಕಂಪೌಂಡರ್ ಸಣ್ಣ ಬಿಳಿ ಗುಳಿಗೆ ಕೊಟ್ಟ. ಮುಂಜಾನೆ ನುಂಗಿದರೆ ಮಾರನೆಯ ದಿನಕ್ಕೆ ಬಾವು ಮಾಯ! ಮಾವನವರು ಅವನನ್ನು ದೇವರೆಂದು ಬಗೆದರು. ಬೇನೆ ಬಂದಾಗ ನುಂಗುತ್ತಿದ್ದವರು ಬರದಿರಲೆಂದು ದಿನವೂ ನುಂಗತೊಡಗಿದರು. ಒಂದು ದಿನವೂ ತಪ್ಪದಂತೆ ವರ್ಷಗಟ್ಟಲೆ ನುಂಗಿದರು.

ಅವರ ಮುಖ ತುಂಬಿಕೊಂಡು ಗುಂಡಗಾಯಿತು, ಗಲ್ಲ ಕೆಂಪಾದವು. ಬಂದವರೆಲ್ಲ "ಸಾವಕಾರ್ರ ಮಾರಿ ಮ್ಯಾಲ ಏನ್ ಕಳಿ ಬಂದದ್ರಿ!" ಎನ್ನುವವರೇ. ಅತ್ತೆ ಅದನ್ನು ಸೊಸೆಯ ಕೈಗುಣ ಎಂದು ಹೇಳಿಕೊಂಡು ಓಡಾಡಿದರು. ನಾನೂ ಉಬ್ಬಿಹೋದೆ, ಸುಳ್ಳೇಕೆ ಹೇಳಲಿ. ಆದರೆ ಹೊಟ್ಟೆ ದೊಡ್ಡದಾಗುತ್ತಾ ಕೈಕಾಲು ಸಣ್ಣಗಾದವು, ಬಾಗಿಲಿಗೆ ತಾಗಿದರೂ ಮೈಮೇಲೆ ನೀಲಿ ಕಲೆ ಏಳುತ್ತಿತ್ತು. ಅದನ್ನು ನೋಡಿ ನನ್ನ ಗಂಡ ಹಟ ಹಿಡಿದು ಅಪ್ಪ ಅವ್ವ ಇಬ್ಬರನ್ನೂ ಖಣಿಯ ಲಾರಿಯಲ್ಲಿ ಶಹಾಬಾದಿನ ಸರಕಾರಿ ದವಾಖಾನೆಗೆ ಕರೆದುಕೊಂಡು ಹೋದರು.

ರಾಜ್ಯ ಒಂದಾದ ಮೇಲೆ ಮೈಸೂರು ಕಡೆಯ ನೌಕರರನ್ನು ನಮ್ಮ ಕಡೆ ಹಾಕುತ್ತಿದ್ದ ಕಾಲ ಅದು. ಅವರಿಗೆ ನಮ್ಮ ಬಿಸಿಲು ತಡೆಯುತ್ತಿರಲಿಲ್ಲ, ನಮಗೆ ಅವರ ಕನ್ನಡ ತಿಳಿಯುತ್ತಿರಲಿಲ್ಲ. ಶಹಾಬಾದಿಗೆ ಬಂದ ಡಾಕ್ಟರೂ ಮೈಸೂರಿನವರೇ. ವಯಸ್ಸು ಸಣ್ಣದು, ಕಲಿತದ್ದು ಬಹಳ, ಮಾತು ಮಾತ್ರ ರೈಲು ತಪ್ಪಿಹೋಗುತ್ತದೆ ಎನ್ನುವಂತೆ ಅವಸರದ್ದು. ನನ್ನ ಗಂಡ ಲಾರಿಯ ಚಕ್ರ ತೋರಿಸಲು ಹೋಗಿದ್ದರು. ಡಾಕ್ಟರು ಹೇಳಿದ್ದನ್ನು ಕೇಳಿದವರು ಮಾವ ಮತ್ತು ಅತ್ತೆ ಇಬ್ಬರೇ.

ಸಂಜೆ ಅತ್ತೆ ಅಡುಗೆಮನೆಗೆ ಬಂದು ನನಗೆ ವರದಿ ಒಪ್ಪಿಸಿದರು. "ಅವು ಬ್ಯಾನಿ ಗುಳಿಗಿ ಅಲ್ಲಂತವಾ. ಹಾರ್ಮೋನ್ ಅಂತ. ನಾ ಭಜನಿ ಹಾರ್ಮೋನಿ ಪೆಟಗಿ ಮಾತು ಯಾಕ ತಗದ್ರಪ ಅಂದ್ಕೊಂಡೆ. ಅದು ನಮ್ಮ ಮೈಯಾಗ ತಾನ ಹುಟ್ತದಂತ. ಇವರು ಹೊರಗಿಂದು ನುಂಗಿ ನುಂಗಿ ಒಳಗಿಂದು ಮಲಕೊಂಡುಬಿಟ್ಟದಂತ. ಒಮ್ಮಿಗೇ ಬಿಟ್ರ ಜೀವಕ್ಕ ಧೋಕಾ, ಸಾವಕಾಶ ಕಮ್ಮಿ ಮಾಡಬೇಕು ಅಂದ್ರು. ಹಳೇವೆಲ್ಲ ಕಸಗೊಂಡು ತಮ್ಮವು ಕೊಟ್ಟಾರ."

"ಇವು ಹೆಂಗ ನುಂಗಬೇಕಂತ್ರಿ?" ಎಂದೆ.

"ಮುಂಜಾನಿ ತಿಂಡಿ ಆದ ಮ್ಯಾಲ ಒಂದು. ತಿಂಡಿ ಆಗದೆ ನುಂಗಲೇಬ್ಯಾಡ್ರಿ, ಹೊಟ್ಟಿ ಸುಡ್ತದ ಅಂತ ಎರಡೆರಡು ಸಲ ಹೇಳ್ಯಾರ."

ನಮ್ಮ ಕಡೆ ತಿಂಡಿ ಎಂದರೆ ಕೆರೆತ. ಮೈಗೆ ತಿಂಡಿ ಬಿಡುತ್ತದೆ, ತಿಂಡಿಗೆ ಎಣ್ಣೆ ಹಚ್ಚುತ್ತೇವೆ, ಜಗಳ ಹುಡುಕಿಕೊಂಡು ಬಂದವನಿಗೆ ತಿಂಡಿ ಬಹಳವಾಗಿದೆಯೇನೋ ಎಂದು ಕೇಳುತ್ತೇವೆ. ಆ ಮಾತಿಗೆ ಬೇರೆ ಅರ್ಥವೊಂದಿದೆ ಎಂಬುದು ನಮ್ಮ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಬೆಳಗಿನ ಉಪಾಹಾರಕ್ಕೆ ನಾವು ನಾಷ್ಟಾ ಎನ್ನುತ್ತಿದ್ದೆವು, ಅದೂ ಹೋಟೆಲಿಗೆ ಹೋದರೆ. ಡಾಕ್ಟರ ಮಾತು ಮಾವನವರಿಗೆ ಎಷ್ಟು ಸರಿ ಕಂಡಿತೆಂದರೆ, "ಡಾಕ್ಟರ್ ಸಣ್ಣವ ಇದ್ರೂ ಹುಶಾರದಾನ. ಬೆರಳಿಗಿ ತಿಂಡಿ ಬಿಡ್ತದಂತ ನಾ ಹೇಳೂ ಮೊದಲೇ ಅವಗ ಗೊತ್ತದ" ಎಂದು ಪಡಸಾಲೆಯಲ್ಲಿ ಕೂತು ಹೊಗಳಿದರು. ದಿನವೂ ನುಂಗುವುದು ಬಿಟ್ಟು ತಿಂಡಿ ಬಿಟ್ಟಾಗ ಮಾತ್ರ ನುಂಗುವುದು, ಸಾವಕಾಶ ಕಡಿಮೆ ಮಾಡುವುದು ಎಂದರೆ ಇದೇ ತಾನೇ? ಯಾರಿಗೂ ಅನುಮಾನ ಬರಲಿಲ್ಲ.

ಹೊಸ ಗುಳಿಗೆಯ ಬಾಟಲಿ ಗೋಡೆಯ ಗೂಡಿನಲ್ಲಿ ಕೂತಿತು. ಮುಂಜಾನೆ ಪೂಜೆ ಮುಗಿದ ಕೂಡಲೇ ಅತ್ತೆ, "ತಿಂಡಿ ಬಿಟ್ಟದೇನ್ರಿ?" ಎಂದು ಕೇಳುವರು. "ಇನ್ನಾ ಇಲ್ಲ" ಎಂದು ಮಾವ. ಮೊದಲ ದಿನ ಅದೊಂದು ಸಂತೋಷದ ಸುದ್ದಿಯೇ ಆಗಿತ್ತು, ಗುಳಿಗೆ ಬೇಕಾಗಲಿಲ್ಲವಲ್ಲ ಎಂದು. ಆಮೇಲೆ ಬುತ್ತಿಯಲ್ಲಿ ರೊಟ್ಟಿ ಉಳಿದು ಬರತೊಡಗಿತು. ಪೂಜೆಯಿಂದ ಏಳುವಾಗ ಗೋಡೆ ಹಿಡಿದರು. ಖಣಿಗೆ ಹೋದವರು ನಡುದಾರಿಯಿಂದ ವಾಪಸು ಬಂದು ಮಲಗಿದರು. ನನ್ನ ಕೈಯಡುಗೆ ಕೆಟ್ಟಿತೇನೋ ಎಂದು ನನಗೆ ಹೆದರಿಕೆ. ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಮಾರಿ ಮೇಲಿನ ಕಳೆ ನೋಡಿ ಹೊಟ್ಟೆ ಉರಿದುಕೊಂಡವರ ದೃಷ್ಟಿ ತಾಕಿದೆ ಎಂಬುದು ಅವರ ಖಾತ್ರಿ. ನನಗೆ ಮೈಯೆಲ್ಲ ಉರಿಯಿತು. ಇಷ್ಟು ದೊಡ್ಡ ಮನುಷ್ಯ ದಿನದಿಂದ ದಿನಕ್ಕೆ ಕುಸಿಯುತ್ತಿದ್ದಾನೆ, ಇವರು ಮೆಣಸಿನಕಾಯಿ ಸುಡುತ್ತಾ ಕೂತಿದ್ದಾರಲ್ಲ! ಆದರೆ ಹೇಳುವುದಾದರೂ ಯಾರಿಗೆ? ನನ್ನ ಮಾತು ಅಡುಗೆಮನೆ ದಾಟುತ್ತಿರಲಿಲ್ಲ.

ಒಂದು ಮುಂಜಾನೆ ಎದ್ದವರೇ ವಾಂತಿ ಮಾಡಿಕೊಂಡರು. ಮತ್ತೆ ಮತ್ತೆ ಮಾಡಿಕೊಂಡರು. ಸ್ನಾನಕ್ಕೆಂದು ಎದ್ದವರು ಬಚ್ಚಲ ಬಾಗಿಲಲ್ಲೇ ಬಿದ್ದರು. ಅತ್ತೆಯ ಚೀರಾಟ ಕೇಳಿ ಓಡಿಹೋದೆ. ಅಷ್ಟು ವರ್ಷದಲ್ಲಿ ಮೊದಲ ಸಲ ಅವರ ಕೈ ಮುಟ್ಟಿದೆ. ಬೇಸಿಗೆಯ ಆ ಬಿಸಿಯಲ್ಲೂ ತಣ್ಣಗಿತ್ತು, ಬೆವರಿನಿಂದ ಜಾರುತ್ತಿತ್ತು. ಕಲ್ಲು ತುಂಬಲು ನಿಂತಿದ್ದ ಲಾರಿಯನ್ನು ನನ್ನ ಗಂಡ ಮನೆ ಮುಂದೆ ತಂದರು. ಹಿಂದೆ ಕೌದಿ ಹಾಸಿ ಮಲಗಿಸಿದೆವು. ಕುಲುಕಾಟದಲ್ಲಿ ತಲೆ ಹಿಡಿದುಕೊಳ್ಳಲು ಒಬ್ಬರು ಬೇಕಿತ್ತು, ಅತ್ತೆಗೆ ಅದು ಆಗುವಂತಿರಲಿಲ್ಲ. ಹಾಗಾಗಿ ನಾನೂ ಹತ್ತಿದೆ. ಶಹಾಬಾದ ಎಷ್ಟು ಮಾತ್ರದ ದೂರ! ಆ ದಿನ ಅದು ಬರಲೇ ಒಲ್ಲದು. ಮಾವನವರ ತುಟಿ ಬೆಳ್ಳಗಾಗಿತ್ತು, ಕರೆದರೆ ಕಣ್ಣು ತೆರೆಯುತ್ತಿರಲಿಲ್ಲ. ಶಿವಾ ಶಿವಾ ಎಂದು ಅತ್ತೆ ಒಂದೇ ಸಮನೆ ಎನ್ನುತ್ತಿದ್ದರು, ನಾನು ಬೇಗ ಓಡಿಸಲೆಂದು ಡ್ರೈವರನಿಗೆ ಕೇಳಿಸುವಂತೆ ಲಾರಿಯ ತಗಡು ಬಡಿಯುತ್ತಿದ್ದೆ.

ಡಾಕ್ಟರು ನಾಡಿ ಹಿಡಿದರು, ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದರು, ಹುಬ್ಬು ಗಂಟಾಯಿತು. "ಮಾತ್ರೆ ಸರಿಯಾಗಿ ತಗೋತಿದ್ರಾ?" ಎಂಬುದೇ ಅವರ ಮೊದಲ ಪ್ರಶ್ನೆ.

"ನೀವ್ ಹೇಳಿದಂಗೇರಿ. ಒಂದ್ ಚೂರೂ ತಪ್ಪಿಲ್ಲ" ಎಂದರು ಅತ್ತೆ. ಅವರು ಸುಳ್ಳು ಹೇಳುವ ಹೆಂಗಸಲ್ಲ, ಆಗಲೂ ಹೇಳಲಿಲ್ಲ.

"ಇವತ್ತು ತಿಂಡಿ ಆಯ್ತಾ?"

"ಇಲ್ರಿ ಯಪ್ಪಾ, ತಿಂಡಿ ಆಗೇ ಇಲ್ಲ."

ಡಾಕ್ಟರು ತಲೆಯಾಡಿಸಿದರು. ಹೊಟ್ಟೆಯಲ್ಲಿ ಏನೂ ಇಲ್ಲ, ಮೇಲೆ ವಾಂತಿ, ಅದಕ್ಕೇ ಇಷ್ಟು ಸುಸ್ತು ಎಂದು ನರ್ಸಿಗೆ ಹೇಳಿ ಸಲೈನ್ ಏರಿಸಿದರು. ಆ ಬೇಸಿಗೆಯಲ್ಲಿ ವಾಂತಿಭೇದಿಯ ರೋಗಿಗಳು ದವಾಖಾನೆಯ ತುಂಬ ಇದ್ದರು, ಇದೂ ಒಂದು ಅಂಥದ್ದೇ ಎಂದು ಅವರಿಗೆ ಕಂಡಿತು. ಬಾಟಲಿ ಇಳಿಯುತ್ತಾ ಬಂತು. ಮತ್ತೆ ತೋಳಿಗೆ ಪಟ್ಟಿ ಸುತ್ತಿದರು. ಮುಖ ಇನ್ನಷ್ಟು ಗಂಟಾಯಿತು. "ಏರ್ತಾನೇ ಇಲ್ಲವಲ್ಲ" ಎಂದು ತಮಗೆ ತಾವೇ ಅಂದುಕೊಂಡರು. ಮಾವನವರ ಉಸಿರು ಮೇಲೆ ಮೇಲೆಯೇ ಆಡುತ್ತಿತ್ತು. ಅತ್ತೆ ಕುತ್ತಿಗೆಯ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಗೋಡೆಗೆ ಒರಗಿಬಿಟ್ಟರು. ಮುಗಿಯಿತು ಎಂದು ನನಗೂ ಅನ್ನಿಸಿತು.

ಆಗ ನರ್ಸು ಮತ್ತೊಬ್ಬ ರೋಗಿಯ ಮಾತೆತ್ತಿದಳು. ಡಾಕ್ಟರು ರೇಗಿ, "ಸ್ವಲ್ಪ ಇರಮ್ಮ, ಬೆಳಿಗ್ಗೆಯಿಂದ ನಾನೇ ಇನ್ನೂ ತಿಂಡಿ ತಿಂದಿಲ್ಲ" ಎಂದರು.

ತಿಂಡಿ ತಿನ್ನುವುದೇ? ಕೆರೆತವನ್ನು ಯಾರಾದರೂ ತಿನ್ನುತ್ತಾರೆಯೇ? ಒಂದು ಗಳಿಗೆ ನನಗೆ ಏನೂ ಹೊಳೆಯಲಿಲ್ಲ. ಹೊಳೆದಾಗ ಮೈಯೆಲ್ಲ ಝುಂ ಎಂದಿತು. ಸೆರಗು ತಲೆಯಿಂದ ಜಾರಿದ್ದೂ ಲೆಕ್ಕಿಸದೆ, ಮಾವನವರ ಮಂಚದ ಪಕ್ಕದಲ್ಲೇ ನಿಂತು ಬಾಯಿ ತೆರೆದೆ.

"ಡಾಕ್ಟರ್ ಸಾಹೇಬ್ರ, ನಿಮ್ಮ ಕಡಿ ತಿಂಡಿ ಅಂದ್ರ ಏನ್ರಿ?"

"ಈಗ ಕೇಳೋ ಮಾತೇನಮ್ಮ ಇದು?"

"ಮೊದಲ ಹೇಳ್ರಿ!" ನನ್ನ ದನಿ ನನಗೇ ಜೋರೆನಿಸಿತು. ಅತ್ತೆ ನನ್ನ ರಟ್ಟೆ ಹಿಡಿದು ಎಳೆದರು, ನಾನು ಕೊಸರಿಕೊಂಡೆ.

"ತಿಂಡಿ ಅಂದ್ರೆ ಬೆಳಿಗ್ಗೆ ತಿನ್ನೋದು. ಉಪ್ಪಿಟ್ಟೋ, ಇಡ್ಲಿಯೋ…"

"ನಮ್ಮ ಕಡಿ ತಿಂಡಿ ಅಂದ್ರ ಮೈ ಕೆರಿಯೂದ್ರಿ. ತಿಂಡಿ ಆಗದೆ ನುಂಗಬ್ಯಾಡ್ರಿ ಅಂದ್ರಂತ ನೀವು. ಇವರಿಗಿ ಕೆರೆತ ಬರಲೇ ಇಲ್ಲ. ಅದಕ್ಕ ನೀವು ಕೊಟ್ಟ ಗುಳಿಗಿ ನುಂಗೇ ಇಲ್ಲ."

"ಒಂದೂ?"

"ಒಂದೂ ಇಲ್ರಿ."

ಡಾಕ್ಟರ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. ಕಪಾಟಿನ ಕಡೆ ಓಡಿದರು. ಸಣ್ಣ ಸಣ್ಣ ಬಾಟಲಿಗಳು ಉರುಳುವ ಸದ್ದು ಕೇಳಿತು. ಬೇಕಾದದ್ದು ಇದೆಯೋ ಇಲ್ಲವೋ ಎಂದು ನಾನು ಉಸಿರು ಹಿಡಿದು ನಿಂತೆ. ಇತ್ತು. ಪುಡಿಗೆ ನೀರು ಕೂಡಿಸಿ ಕುಲುಕಿ, ಹಾರ್ಮೋನನ್ನು ಸೂಜಿಯಿಂದ ನೇರ ನರಕ್ಕೇ ಏರಿಸಿದರು. ಆಮೇಲೆ ಸ್ಟೂಲು ಎಳೆದುಕೊಂಡು ಅಲ್ಲೇ ಕೂತರು. ಅವರ ತಿಂಡಿ ಆ ದಿನ ಆಗಲೇ ಇಲ್ಲ, ಯಾವ ಅರ್ಥದಲ್ಲೂ.

ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ನಾಡಿ ತುಂಬಿತು. ಮಾವನವರು ಕಣ್ಣು ಬಿಟ್ಟು, ಉಪ್ಪು ಹಾಕಿದ ಮಜ್ಜಿಗೆ ಬೇಕೆಂದರು. ಅತ್ತೆ ಅಳಲು ಶುರು ಮಾಡಿದವರು ಸಂಜೆಯವರೆಗೂ ನಿಲ್ಲಿಸಲಿಲ್ಲ. ನಾನು ಸೆರಗನ್ನು ಮತ್ತೆ ತಲೆಗೆ ಎಳೆದುಕೊಂಡೆ. ಡಾಕ್ಟರು ನನ್ನ ಗಂಡನನ್ನು ಕರೆದು, ಈ ಸಲ ಸಾವಕಾಶವಾಗಿ, ಕೈಸನ್ನೆ ಮಾಡಿ ಹೇಳಿದರು. ಮೂತ್ರಪಿಂಡದ ಮೇಲೆ ಸಣ್ಣ ಟೊಪ್ಪಿಗೆಯಂಥ ಗ್ರಂಥಿ ಇದೆ. ಮೈಗೆ ಪೆಟ್ಟು ಬಿದ್ದರೆ, ಜಡ್ಡಾದರೆ ತಡೆದುಕೊಳ್ಳುವ ಶಕ್ತಿ ಅದು ಸುರಿಸುವ ಹಾರ್ಮೋನಿನಿಂದ. ಕಂಪೌಂಡರನ ಗುಳಿಗೆಯೂ ಅದೇ ಜಾತಿಯದು. ಕೆಲವೇ ದಿನ ಕೊಟ್ಟು ನಿಲ್ಲಿಸಿದರೆ ಗೌಟಿಗೆ ಒಳ್ಳೆಯ ಔಷಧ, ವರ್ಷಗಟ್ಟಲೆ ನುಂಗಿದರೆ ಗ್ರಂಥಿ ನಿದ್ದೆಹೋಗುತ್ತದೆ. ಅದು ಏಳುವ ತನಕ ಗುಳಿಗೆಯನ್ನು ಚೂರು ಚೂರೇ ಇಳಿಸಬೇಕು, ತಿಂಗಳುಗಳೇ ಹಿಡಿಯುತ್ತವೆ. "ಇನ್ನೊಂದು ಸಲ ಹೀಗಾದರೆ ಉಳಿಸೋದು ನನ್ನ ಕೈಲಿಲ್ಲ" ಎಂದರು. ಕಂಪೌಂಡರನ ಅಂಗಡಿಯ ಕಡೆ ತಲೆ ಹಾಕಿಯೂ ಮಲಗಬಾರದು ಎಂದರು.

ಇಳಿಸುವುದೇನು ಸುಲಭವಿತ್ತೇ? ಒಂದೆರಡು ತಿಂಗಳು ನೆಟ್ಟಗೆ ನಡೆಯಿತು. ಆಮೇಲೆ ಅದೇ ಬೇನೆ ತಿರುಗಿ ಬಂದು ಹಿಮ್ಮಡ ಹಿಡಿಯಿತು. ಮುಂಚಿನ ಎಲ್ಲ ಸಲಕ್ಕಿಂತ ಜೋರು. ನನ್ನ ಗಂಡ ಡಾಕ್ಟರನ್ನು ಕರೆತರಲು ಲಾರಿ ತೆಗೆದುಕೊಂಡು ಹೋದರು. ಅತ್ತೆ ಮಠಕ್ಕೆ ಹರಕೆ ಹೊರಲು ಹೋದರು. ನಡುಮಧ್ಯಾಹ್ನದ ಬಿಸಿಲಿನಲ್ಲಿ ಮನೆಯಲ್ಲಿ ಉಳಿದವರು ಒಳಗೆ ನರಳುವ ಮಾವನವರು, ಬಾಗಿಲ ಹೊರಗೆ ನಾನು.

"ಏನವಾ," ಎಂದರು. ಯಾರನ್ನು ಕರೆದರೆಂದು ನಾನು ಹಿಂದೆ ತಿರುಗಿ ನೋಡಿದೆ. "ನಿನಗೇ. ಒಳಗ ಬಾ."

ಹೋದೆ. ಮಂಚದ ಪಟ್ಟಿ ಬಿಗಿಯಾಗಿ ಹಿಡಿದಿದ್ದರು, ಕಣ್ಣಲ್ಲಿ ನೀರು. "ಬಜಾರಕ್ಕ ಹೋಗಿ ಆ ಬಿಳಿ ಗುಳಿಗಿ ತಂದು ಕೊಡು. ಒಂದೇ ಒಂದು ಸಲ. ಯಾರಿಗೂ ಹೇಳಬ್ಯಾಡ."

"ಡಾಕ್ಟರು ಬರ್ಲಿಕತ್ಯಾರ್ರಿ ಮಾವ. ಒಂದೀಟು ತಡೀರಿ."

"ತಡಿಯೂದಾಗಿದ್ರ ನಿನ್ನ ಯಾಕ ಕರೀತಿದ್ದೆ? ಕೈ ಮುಗೀತೀನಿ."

ಖರೇನೇ ಎರಡೂ ಕೈ ಎತ್ತಿ ಮುಗಿದರು. ನನ್ನ ಎದೆ ಒಡೆದುಹೋಯಿತು. ಇಡೀ ಊರು ಕೈ ಮುಗಿಯುತ್ತಿದ್ದ ಮನುಷ್ಯ ಅವರು. ಅಂಗಡಿ ಹತ್ತಿರವೇ ಇತ್ತು, ಹೋಗಿ ಬರುವುದು ಎಷ್ಟು ಹೊತ್ತಿನ ಮಾತು. ಆದರೆ ಒಂದು ಸಲ ಸಿಕ್ಕರೆ ಮಾರನೆಯ ದಿನವೂ ಬೇಡುತ್ತಾರೆ, ಇಷ್ಟು ದಿನ ಎಬ್ಬಿಸಿದ ಗ್ರಂಥಿ ಮತ್ತೆ ಮಲಗುತ್ತದೆ. ಆ ಲಾರಿಯಲ್ಲಿ ಕಂಡ ಬಿಳಿಚಿದ ತುಟಿ ಕಣ್ಣೆದುರಿಗೆ ಬಂತು.

"ಇಲ್ರಿ. ತರೂದಿಲ್ಲ" ಎಂದೆ.

"ನಿಮ್ಮಪ್ಪ ಹಿಂಗ ಒದ್ದಾಡಿದ್ರ ನೋಡ್ಕೋತ ನಿಂದರ್ತಿದ್ದೇನು?"

"ನಮ್ಮಪ್ಪ ಆಗಿದ್ರ ಕರಳು ತಡೀತಿದ್ದಿಲ್ರಿ. ಓಡಿ ಹೋಗಿ ತಂದು ಕೊಟ್ಟು, ನಾನೇ ಕೊಂದುಬಿಡ್ತಿದ್ದೆ."

ಅವರು ನನ್ನನ್ನೇ ನೋಡಿದರು. ಆಮೇಲೆ, "ಹೋಗು, ಕಲ್ಲಿನಂಥಾಕಿ. ನನ್ನ ಕಣ್ಣ ಮುಂದ ನಿಂದರಬ್ಯಾಡ" ಎಂದು ಗೋಡೆಯ ಕಡೆ ಮುಖ ತಿರುಗಿಸಿದರು. ಇಷ್ಟು ವರ್ಷ ಕಾದು ಸಿಕ್ಕ ಮಾತು ಇದೇ ಏನು ಎಂದು ನನಗೆ ಅಳು ಉಕ್ಕಿತು. ಹೊರಗೆ ಬಂದು ತಲೆಬಾಗಿಲಿಗೆ ಅಗಳಿ ಹಾಕಿ, ಅದಕ್ಕೇ ಬೆನ್ನು ಕೊಟ್ಟು ಕೂತೆ. ಅವರು ಎದ್ದು ಹೋಗುವ ಸ್ಥಿತಿಯಲ್ಲಿರಲಿಲ್ಲ, ಅಗಳಿ ಹಾಕಿದ್ದು ನನಗೇ. ಒಳಗಿನಿಂದ ನರಳುವ ಸದ್ದು ಬಂದಾಗೆಲ್ಲ ನನ್ನ ಕೈ ಅಗಳಿಯ ಮೇಲೆ ಹೋಗುತ್ತಿತ್ತು, ತೆಗೆದು ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದೆ.

ಲಾರಿ ಬಂತು. ಡಾಕ್ಟರು ಹಿಮ್ಮಡದ ಕೀಲಿಗೆ ಸೂಜಿ ಚುಚ್ಚಿ ಮೊದಲು ಒಳಗಿನ ನೀರು ಎಳೆದರು, ಬೆಳಕಿಗೆ ಹಿಡಿದು ನೋಡಿದರು. ಕೀವು ಇದ್ದಿದ್ದರೆ ಹಾರ್ಮೋನು ಹಾಕುವಂತಿಲ್ಲವಂತೆ, ಕಾಲೇ ಹೋಗುತ್ತದಂತೆ. ಕೀವು ಇರಲಿಲ್ಲ. ಅದೇ ಕೀಲಿನೊಳಗೆ ಔಷಧ ಬಿಟ್ಟರು. ಇದು ಬಹುಮಟ್ಟಿಗೆ ಹಾಕಿದ ಜಾಗದಲ್ಲೇ ಕೆಲಸ ಮಾಡುತ್ತದೆ, ಇಡೀ ಮೈಗೆ ಗುಳಿಗೆಯಷ್ಟು ಹತ್ತುವುದಿಲ್ಲ ಎಂದರು. ಗ್ರಂಥಿಯನ್ನೇ ಬಡಿದೆಬ್ಬಿಸಿ ಕೆಲಸಕ್ಕೆ ಹಚ್ಚುವ ಮತ್ತೊಂದು ಸೂಜಿಯೂ ಇದೆಯಂತೆ, ಆದರೆ ಇವರ ಗ್ರಂಥಿ ಇನ್ನೂ ಕರೆದರೆ ಓಗೊಡುವ ಹಾಗಿಲ್ಲವಂತೆ. ಸಂಜೆಯ ಹೊತ್ತಿಗೆ ಮಾವನವರು ದುಪ್ಪಟಿಯ ಕೆಳಗೆ ಕಾಲು ಚಾಚಿದರು.

ಹೊರಡುವ ಮೊದಲು ಡಾಕ್ಟರು ಮಂಚದ ಹತ್ತಿರ ಬಗ್ಗಿ, ಮುಂದಿನ ತಿಂಗಳ ಗುಳಿಗೆ ಹೇಗೆ ಇಳಿಸಬೇಕೆಂದು ಹೇಳತೊಡಗಿದರು. "ಬೆಳಿಗ್ಗೆ ನಾಷ್ಟಾ ಆದ ಮೇಲೆ…" ಎಂದು ಆ ಮಾತನ್ನು ಬಹಳ ಜತನದಿಂದ ಉಚ್ಚರಿಸಿದರು. ಮಾವನವರು ಕೈಯೆತ್ತಿ ಅವರನ್ನು ತಡೆದರು. ಅತ್ತೆಯೂ ಅಲ್ಲೇ ಇದ್ದರು, ನನ್ನ ಗಂಡನೂ ಇದ್ದರು. ಮಾವನವರು ಯಾರ ಕಡೆಯೂ ನೋಡದೆ ಅಡುಗೆಮನೆಯ ಕಡೆ ತಿರುಗಿ, "ಏ ಕಲ್ಲಿನಂಥಾಕಿ, ಬಾ ಇಲ್ಲಿ" ಎಂದು ಕರೆದರು.

ಬಂದು ನಿಂತೆ.

"ಗುಳಿಗಿ ನಿನ್ನ ಕೈಯಾಗೇ ಇರ್ಲಿ. ಎಷ್ಟು ಕೊಡಬೇಕೋ ಅಷ್ಟೇ ಕೊಡು. ನಾ ಕಾಲಿಗಿ ಬಿದ್ದು ಬೇಡಿದ್ರೂ ಹೆಚ್ಚಿಗಿ ಕೊಡಬ್ಯಾಡ."

ನಾನು ಡಾಕ್ಟರ ಕೈಯಿಂದ ಬಾಟಲಿ ಇಸಿದುಕೊಂಡೆ.